ಬೆಸ ನಂಬರಿನ ಮನೆಗಳು

ಸ್ಕೂಲ್ ಬೋರ್ಡಿನವರು ಗೋಡೆಗೆ ಅಂಟಿಸಿದ್ದ ನಕ್ಷೆಯಲ್ಲಿ ನಮ್ಮ ಬೀದಿಯ ನಟ್ಟನಡುವೆ ಒಂದು ಕೆಂಪು ಗೆರೆ ಇತ್ತು. ಎಳೆದವನು ಯಾರೋ ನನಗೆ ಗೊತ್ತಿಲ್ಲ. ಅವನ ಕೈ ಸೇದಿಹೋಗಲಿ ಎಂದು ನಾನು ಮನಸ್ಸಿನಲ್ಲೇ ಶಾಪ ಹಾಕಿದ್ದಂತೂ ನಿಜ.

ಗೆರೆಯ ಆ ಬದಿಗೆ ಸಮ ನಂಬರಿನ ಮನೆಗಳು. ಅಲ್ಲಿಯ ಮಕ್ಕಳು ಈಗಿರುವ ಶಾಲೆಯಲ್ಲೇ ಉಳಿಯುತ್ತಾರೆ. ಈ ಬದಿಗೆ ನಮ್ಮವು, ಬೆಸ ನಂಬರಿನ ಮನೆಗಳು. ನಮ್ಮ ಮಕ್ಕಳು ಸೆಪ್ಟೆಂಬರಿನಿಂದ ದೊಡ್ಡ ರಸ್ತೆಯಾಚೆ ಏಳುತ್ತಿದ್ದ ಹೊಸ ಶಾಲೆಗೆ ಹೋಗಬೇಕು. ಹೊಸ ಶಾಲೆ ಬೇಕೇ ಬೇಕು ಎಂದು ಮೊದಲು ಬಾಯಿ ಮಾಡಿದವರಲ್ಲಿ ನಾನೂ ಒಬ್ಬಳು. ನಮ್ಮೂರು ಯೂನಿಯನ್‌ವಿಲ್ಲಿನ ಉತ್ತರಕ್ಕೆ ಹೊಲಗಳನ್ನೆಲ್ಲ ನುಂಗಿ ಮನೆ ಕಟ್ಟಿದವರು ಶಾಲೆ ಕಟ್ಟುವುದನ್ನು ಮಾತ್ರ ಮರೆತಿದ್ದರು. ಮಕ್ಕಳು ಆಟದ ಬಯಲಿನಲ್ಲಿ ನಿಲ್ಲಿಸಿದ ತಗಡಿನ ಪೋರ್ಟಬಲ್ ಕೋಣೆಗಳಲ್ಲಿ ಕೂತು ಓದುತ್ತಿದ್ದರು. ಬಾತ್‌ರೂಮಿಗೆ ಹೋಗಬೇಕಾದರೂ ಬೂಟು ಹಾಕಿಕೊಂಡು ಹಿಮ ತುಳಿಯಬೇಕು. ಕೇಳಿ ಪಡೆದ ವರ ನಮ್ಮ ತಲೆಯ ಮೇಲೇ ಬೀಳುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು. ಅದು 2004ರ ಚಳಿಗಾಲ.

ನನ್ನ ಮಗಳು ದೀಪ್ತಿ ಎರಡನೇ ಗ್ರೇಡಿನಲ್ಲಿದ್ದಳು. ಮನೆಯಲ್ಲಿ ಅವಳ ಬಾಯಿಗೆ ಬಿಡುವೇ ಇಲ್ಲ. ಧಾರವಾಡದ ನಮ್ಮ ಮನೆತನದ ಬಾಯಿ ಅದು, ಸುಲಭಕ್ಕೆ ಸೋಲುವುದಲ್ಲ. ಅದೇ ಹುಡುಗಿ ಶಾಲೆಯ ಗೇಟು ದಾಟಿದಳೋ, ಬಾಯಿಗೆ ಬೀಗ. ಹಟವಲ್ಲ, ಸೊಕ್ಕಲ್ಲ, ಇಂಗ್ಲಿಷ್ ಬರುವುದಿಲ್ಲವೆಂದೂ ಅಲ್ಲ. ಮಾತು ಗಂಟಲವರೆಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಕಿಂಡರ್‌ಗಾರ್ಟನ್ನಿನಲ್ಲಿ ಒಮ್ಮೆ ಬಾತ್‌ರೂಮಿಗೆ ಹೋಗುತ್ತೇನೆಂದು ಕೇಳಲಾಗದೆ ಕೂತಲ್ಲೇ ಒದ್ದೆ ಮಾಡಿಕೊಂಡು, ಇಡೀ ಮಧ್ಯಾಹ್ನ ಹಾಗೆಯೇ ಕೂತಿದ್ದಳು. ಆ ಸಂಜೆ ಅವಳ ಬಟ್ಟೆ ಬದಲಿಸುವಾಗ ನನಗೆ ಬಂದ ಸಿಟ್ಟು ಯಾರ ಮೇಲಿನದು ಎಂದು ಇಂದಿಗೂ ಹೇಳಲಾರೆ.

ಅವಳಿಗೆ ದಾರಿಯಾದವಳು ಎದುರುಮನೆಯ ರಾಧಿಕಾ. ಇಬ್ಬರದೂ ಒಂದೇ ಕ್ಲಾಸು. ಒಂದನೇ ಗ್ರೇಡಿನಲ್ಲಿ ಒಂದು ದಿನ ದೀಪ್ತಿ ಅವಳ ಕಿವಿಯಲ್ಲಿ ಏನೋ ಉಸುರಿದಳಂತೆ. ರಾಧಿಕಾ ಎದ್ದು ನಿಂತು ಟೀಚರಿಗೆ ಅದನ್ನು ಗಟ್ಟಿಯಾಗಿ ಹೇಳಿದಳಂತೆ. ಅಂದಿನಿಂದ ಅದೇ ಪದ್ಧತಿ. ದೀಪ್ತಿಗೆ ಪೆನ್ಸಿಲ್ ಬೇಕು, ದೀಪ್ತಿಗೆ ಹೊಟ್ಟೆನೋವು, ದೀಪ್ತಿಗೆ ಉತ್ತರ ಗೊತ್ತು, ಎಲ್ಲವೂ ರಾಧಿಕಾಳ ಬಾಯಿಂದ. ಆ ವರ್ಷದ ಟೀಚರ್ ಮಿಸೆಸ್ ಹ್ಯಾನ್ಲಿ ತಿಳಿದ ಹೆಂಗಸು. ಅವಸರ ಮಾಡಬೇಡಿ ಎಂದಳು. ಮೊದಲು ಗೆಳತಿಯ ಕಿವಿ, ಆಮೇಲೆ ನನ್ನ ಕಿವಿ, ಆಮೇಲೆ ಒಂದು ದಿನ ಎಲ್ಲರ ಕಿವಿ ಎಂದಳು. ಜನವರಿಯಲ್ಲಿ ದೀಪ್ತಿ ರಾಧಿಕಾಳ ಕೈ ಹಿಡಿದುಕೊಂಡೇ ಟೀಚರ ಕಿವಿಯಲ್ಲಿ "ಸ್ನೋಯಿಂಗ್" ಎಂದಿದ್ದಳು. ಆ ಒಂದು ಶಬ್ದಕ್ಕೆ ನಾನು ಮನೆಯಲ್ಲಿ ಹೋಳಿಗೆ ಮಾಡಿದೆ, ಯಾಕೆಂದು ಮಾತ್ರ ಮಗಳಿಗೆ ಹೇಳಲಿಲ್ಲ.

ಹೇಳದಿರಲು ಕಾರಣವಿತ್ತು. ಮಿಸೆಸ್ ಹ್ಯಾನ್ಲಿ ಒಂದೇ ಒಂದು ಕಟ್ಟುನಿಟ್ಟು ಮಾಡಿದ್ದಳು: ಈ ವಿಷಯವನ್ನು ಮಗುವಿನ ಮುಂದೆ ಎಂದೂ ಆಡಕೂಡದು. "ಮಾತಾಡದ ಹುಡುಗಿ" ಎಂದು ತನ್ನನ್ನು ಕರೆಯುವುದು ಅವಳ ಕಿವಿಗೆ ಬಿದ್ದರೆ, ಅವಳು ಅದೇ ಆಗಿ ಉಳಿಯುತ್ತಾಳೆ ಎಂದಿದ್ದಳು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಯಾರ ಮುಂದೆಯೂ ಆಡಲಿಲ್ಲ. ನಮ್ಮ ಕನ್ನಡದವರ ಸಂಗತಿ ನಿಮಗೆ ಗೊತ್ತಲ್ಲ. ಯುಗಾದಿ ಊಟದ ಸಾಲಿನಲ್ಲಿ ಒಂದು ಮಾತು ಬಿದ್ದರೆ, ಪಾಯಸ ಬರುವಷ್ಟರಲ್ಲಿ ಅದು ಥಾರ್ನ್‌ಹಿಲ್ ಮುಟ್ಟಿ ನ್ಯೂಮಾರ್ಕೆಟ್ಟಿಗೆ ಹೊರಟಿರುತ್ತದೆ. ಅರುಂಧತಿಯ ಮಗಳು ಮೂಗಿಯಂತೆ ಎಂದು ಅವರು ಅನ್ನುವುದನ್ನು ಕೇಳುವ ತಾಳ್ಮೆ ನನಗಿಲ್ಲ. ಅದಕ್ಕೇ ರಾಧಿಕಾಳ ತಾಯಿ ಕೋಕಿಲಾಗೂ ಹೇಳಿರಲಿಲ್ಲ. ಅವಳ ಪಾಲಿಗೆ ದೀಪ್ತಿ ತನ್ನ ಅಡುಗೆಮನೆಯಲ್ಲಿ ಕೂತು ಚಕ್ಕುಲಿ ತಿನ್ನುತ್ತ ಹರಟೆ ಹೊಡೆಯುವ ಹುಡುಗಿ.

ಹೀಗಿರುವಾಗ ಆ ಕೆಂಪು ಗೆರೆ ಬಂತು. ನನ್ನ ಗಂಡ ಚಂದ್ರಮೋಹನ ಸಾಫ್ಟ್‌ವೇರಿನವನು, ಎಲ್ಲದಕ್ಕೂ ಒಂದು ದಾರಿ ಇರುತ್ತದೆ ಎಂದು ನಂಬುವವನು. ಹೋಗಿ ಪ್ರಿನ್ಸಿಪಾಲರನ್ನು ಕೇಳಿಕೊಂಡು ಬಂದ. ಬೀದಿಯ ಈ ಬದಿಯ ಯಾರಾದರೂ ಹಳೇ ಶಾಲೆಯಲ್ಲೇ ಉಳಿಯುವುದು ಕಷ್ಟ, ಖಾಲಿಯಾಗುವ ಕೋಣೆಗಳಿಗೆ ಫ್ರೆಂಚ್ ಕ್ಲಾಸುಗಳು ಬರುತ್ತಿವೆ, ಜೂನಿನಲ್ಲಿ ಅರ್ಜಿ ಹಾಕಿ, ಭರವಸೆ ಕೊಡಲಾರೆ ಎಂದಿದ್ದರಂತೆ. ಭರವಸೆ ಇಲ್ಲದ ಅರ್ಜಿಯನ್ನು ನೆಚ್ಚಿಕೊಂಡು ಜೂನಿನ ತನಕ ಉಸಿರು ಹಿಡಿದು ಕೂರುವ ಜೀವ ನನ್ನದಲ್ಲ.

ಆದರೆ ನಕ್ಷೆಯಲ್ಲಿ ಎರಡನೆಯದೊಂದು ಗೆರೆಯೂ ಇತ್ತು, ನೀಲಿಯದು. ಅದು ಕೋಕಿಲಾಳ ಹಿತ್ತಲಿನ ಹಿಂದಿನ ತೊರೆಯ ಗುಂಟ ಹೋಗುತ್ತಿತ್ತು. ಅದನ್ನು ಒಪ್ಪಿಕೊಂಡರೆ ಇಡೀ ಬೀದಿಯೇ ಹೊಸ ಶಾಲೆಗೆ ಸೇರುತ್ತದೆ. ದೀಪ್ತಿ, ರಾಧಿಕಾ ಇಬ್ಬರೂ ಕೂಡಿಯೇ ಹೋಗುತ್ತಾರೆ. ಬೀದಿಯ ಎರಡೂ ಬದಿಯವರು ಒಂದೇ ದನಿಯಲ್ಲಿ ಕೇಳಿದರೆ ನೀಲಿ ಗೆರೆ ಸಾಧ್ಯ, ಬದಿಗೊಬ್ಬರು ಮುಂದಿನ ಸಭೆಯಲ್ಲಿ ಮಾತಾಡಿ ಎಂದು ಬೋರ್ಡಿನವರು ಹೇಳಿದರು. ಅಷ್ಟು ಸಾಕಾಯಿತು ನನಗೆ. ನಮ್ಮ ಬದಿಯ ಮನೆಮನೆ ಹೊಕ್ಕೆ. ಇಟಲಿಯ ಮುದುಕನ ತೋಟದ ಟೊಮೆಟೊ ಕಥೆ ಕೇಳಿದೆ, ಹಾಂಗ್‌ಕಾಂಗಿನವರ ಮನೆಯಲ್ಲಿ ಬಿಸಿನೀರು ಕುಡಿದೆ. ಎಲ್ಲರೂ ಒಪ್ಪಿ, ನಮ್ಮ ಬದಿಗೆ ನೀನೇ ಮಾತಾಡು ಎಂದರು. ಇನ್ನೊಂದು ಬದಿಗೆ ಮಾತಾಡುವವಳು ಕೋಕಿಲಾ.

ಕೋಕಿಲಾ ಮೈಸೂರಿನವಳು. ನಯವೆಂದರೆ ನಯ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಗಂಡ ಶ್ರೀಕಂಠ ವಾರಗಟ್ಟಲೆ ಊರಿನಲ್ಲಿರುವುದಿಲ್ಲ; ಇವಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಒಮ್ಮೆ ಬೆಳಗಿನ ಶಿಫ್ಟು, ಒಮ್ಮೆ ಸಂಜೆಯದು. ಚಿಕ್ಕ ಮಗನ ಡೇಕೇರು ಹಳೇ ಶಾಲೆಯಲ್ಲೇ ಇತ್ತು. ಅದು ನನಗೆ ಗೊತ್ತಿತ್ತು, ಆದರೆ ಅದನ್ನೊಂದು ಅಡ್ಡಿ ಎಂದು ನಾನು ಎಣಿಸಲಿಲ್ಲ. ಅವಳ ಅಡುಗೆಮನೆಯಲ್ಲಿ ಕೂತು ನೇರವಾಗಿ ಕೇಳಿದೆ.

"ಕೋಕಿಲಾ, ಎರಡೂ ಸೈಡಿನವರು ಕೂಡೇ ಹೇಳಿದರ ಆ ನೀಲಿ ಲೈನು ಆಗ್ತದರಿ. ಹುಡುಗ್ಯಾರು ಇಬ್ಬರೂ ಒಂದೇ ಸ್ಕೂಲಿಗೆ ಹೋಗ್ತಾವ. ಮೈಕಿನ್ಯಾಗ ಹಂಗ ಹೇಳಿಬಿಡ್ರಿ ನೀವು."

"ಆಯ್ತು ಅರುಂಧತಿ ಅವರೇ, ನೋಡೋಣ," ಎಂದಳು. "ಇನ್ನೊಂಚೂರು ಕಾಫಿ ಹಾಕ್ಲಾ?"

ಕಾಫಿ ಹಾಕಿಸಿಕೊಂಡೆ. ಕೆಲಸ ಆಯಿತೆಂದು ಬೀದಿ ದಾಟಿ ಮನೆಗೆ ಬಂದು ಗಂಡನ ಮುಂದೆ ಜಂಬವನ್ನೂ ಕೊಚ್ಚಿದೆ. ಅವನು ಅವಳು ನಿಜವಾಗಿ ಏನಂದಳು ಎಂದು ಕೇಳಿದ. ಆಯ್ತು ಅಂದಳು ಎಂದೆ.

ಸಭೆ ಶಾಲೆಯ ಜಿಮ್ಮಿನಲ್ಲಿ. ಬಾಸ್ಕೆಟ್‌ಬಾಲ್ ಕಂಬದ ಕೆಳಗೆ ಮೇಜು ಹಾಕಿಕೊಂಡು ಬೋರ್ಡಿನವರು ಕೂತಿದ್ದರು. ಮಡಚುವ ಕುರ್ಚಿಗಳ ತುಂಬ ಜನ. ನೆಲದ ತುಂಬ ಬೂಟಿನಿಂದ ಕರಗಿದ ಹಿಮದ ಕೊಚ್ಚೆ. ಮಾತಾಡುವವರಿಗೆ ತಲಾ ಮೂರು ನಿಮಿಷ, ಮೇಜಿನ ಮೇಲೆ ಸಣ್ಣದೊಂದು ದೀಪ: ಹಸಿರಿದ್ದಾಗ ಆಡಬೇಕು, ಹಳದಿಯಾದರೆ ಮುಗಿಸುತ್ತ ಬರಬೇಕು, ಕೆಂಪಾದರೆ ಕೂರಬೇಕು. ಮಕ್ಕಳನ್ನು ಲೈಬ್ರರಿಯಲ್ಲಿ ಕೂರಿಸಿ ಬಣ್ಣ ಹಚ್ಚುವುದಕ್ಕೆ ಕೊಟ್ಟಿದ್ದರು. ದೀಪ್ತಿ, ರಾಧಿಕಾ ಅಲ್ಲಿಗೆ ಹೋದದ್ದನ್ನು ನೋಡಿಯೇ ನಾನು ಬಂದು ಕೂತೆ. ಗೋಡೆಯ ಪಕ್ಕ ಮಿಸೆಸ್ ಹ್ಯಾನ್ಲಿ ನಿಂತಿದ್ದಳು.

ಮೊದಲು ಸಮ ನಂಬರಿನವರನ್ನು ಕರೆದರು. ಕೋಕಿಲಾ ಎದ್ದು ಹೋದಳು. ಮೈಕು ಸರಿಮಾಡಿಕೊಂಡು, ಚೊಕ್ಕವಾದ ಇಂಗ್ಲಿಷಿನಲ್ಲಿ, ಎಲ್ಲರಿಗೂ ವಂದಿಸಿ, ತಮ್ಮ ಬದಿಯ ಮಕ್ಕಳು ಈ ಶಾಲೆಗೆ ಹೊಂದಿಕೊಂಡಿದ್ದಾರೆ ಎಂದಳು. ಚಿಕ್ಕವರ ಡೇಕೇರು ಇಲ್ಲೇ ಇದೆ, ತಾಯಂದಿರು ಶಿಫ್ಟಲ್ಲಿ ದುಡಿಯುತ್ತಾರೆ, ಇಬ್ಬರು ಮಕ್ಕಳನ್ನು ಎರಡು ಕಡೆ ಬಿಡುವುದು ಆಗದ ಮಾತು ಎಂದಳು. ಎದುರು ಬದಿಯ ಗೆಳೆಯರನ್ನು ಕಳೆದುಕೊಳ್ಳುವುದು ನಮಗೂ ಬೇಸರವೇ, ಆದರೂ ಕೆಂಪು ಗೆರೆಯೇ ಇರಲಿ ಎಂದಳು. ಹಸಿರು ದೀಪ ಇನ್ನೂ ಉರಿಯುತ್ತಿರುವಾಗಲೇ ಮುಗಿಸಿ ಬಂದು ಕೂತಳು. ನನ್ನ ಕಡೆ ನೋಡಲಿಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. ಆಯ್ತು ಅಂದವಳಲ್ಲವೆ ಇವಳು, ನನ್ನ ಎದುರಿಗೇ ಕಾಫಿ ಬಗ್ಗಿಸುತ್ತ? ಪಕ್ಕದಲ್ಲಿದ್ದ ಚಂದ್ರಮೋಹನ ಮೆಲ್ಲಗೆ, "ನೋಡೋಣ ಅಂದ್ಲೇನು?" ಎಂದು ಕೇಳಿದ. ಅವನು ಮೈಸೂರಿನಲ್ಲಿ ಓದಿದವನು. ನಾನು ಹೌದೆಂದಾಗ ಅವನು ಕಣ್ಣು ಮುಚ್ಚಿಕೊಂಡ. ನಮ್ಮ ಕಡೆ ಆಗದಿದ್ದರೆ ಆಗಂಗಿಲ್ಲ ಎಂದು ಕಡ್ಡಿ ಮುರಿದಂತೆ ಹೇಳುತ್ತಾರೆ, ಮರುದಿನ ಮತ್ತೆ ಕೂಡಿ ಉಣ್ಣುತ್ತಾರೆ. ಮೈಸೂರಿನ ಮರ್ಯಾದಸ್ಥರ ಬಾಯಲ್ಲಿ ಇಲ್ಲ ಎಂಬ ಶಬ್ದವೇ ಹೊರಡುವುದಿಲ್ಲ. ನೋಡೋಣ ಎಂದರೆ ಅದೇ ಇಲ್ಲ. ಅವಳು ಆವತ್ತೇ ಹೇಳಿಯಾಗಿತ್ತು. ನಾನು ಅದರ ಹಿಂದಿನ ಆಯ್ತು ಒಂದನ್ನೇ ಕಟ್ಟಿಕೊಂಡು ಮನೆಗೆ ಬಂದಿದ್ದೆ.

ಬೆಸ ನಂಬರಿನವರನ್ನು ಕರೆದರು. ಮೈಕಿನ ಕಡೆ ನಡೆಯುವಾಗಲೇ ತೀರ್ಮಾನಿಸಿದೆ. ಮನೆಯಲ್ಲಿ ಬರೆದುಕೊಂಡು ಬಂದಿದ್ದ ಮಾತುಗಳಿಂದ ಇನ್ನು ಏನೂ ಆಗುವುದಿಲ್ಲ. ರಸ್ತೆ, ಟ್ರಾಫಿಕ್ಕು, ನೆರೆಹೊರೆ ಎಂದರೆ ಆ ಮೇಜಿನ ಹಿಂದಿನವರು ತಲೆ ಆಡಿಸಿ ಕಳಿಸಿಬಿಡುತ್ತಾರೆ. ನಿಜ ಹೇಳಬೇಕು. ನನ್ನ ಮಗಳು ಈ ಕಟ್ಟಡದಲ್ಲಿ ಬಾಯಿ ತೆರೆಯುವುದಿಲ್ಲ, ಆ ಹುಡುಗಿಯ ಕಿವಿ ಒಂದೇ ಅವಳಿಗಿರುವ ದಾರಿ, ಅದನ್ನು ನೀವು ಮುಚ್ಚುತ್ತಿದ್ದೀರಿ. ಜಿಮ್ಮಿನಲ್ಲಿ ನಮ್ಮ ಕನ್ನಡದವರೇ ನಾಲ್ಕಾರು ಮನೆಯವರಿದ್ದರು. ಕೇಳಲಿ. ಥಾರ್ನ್‌ಹಿಲ್ಲಿನವರೂ ಕೇಳಲಿ. ಮಕ್ಕಳಂತೂ ಲೈಬ್ರರಿಯಲ್ಲಿದ್ದಾರೆ, ಅವಳಿಗೊಬ್ಬಳಿಗೆ ಕೇಳಿಸದಿದ್ದರೆ ಸಾಕು.

ಹಸಿರು ದೀಪ ಹತ್ತಿತು. ನನ್ನ ಹೆಸರು ಹೇಳಿದೆ, ಮನೆಯ ನಂಬರು ಹೇಳಿದೆ. ನನಗೊಬ್ಬಳು ಮಗಳಿದ್ದಾಳೆ ಎಂದೆ. ಅಷ್ಟರಲ್ಲಿ ಬದಿಯ ಬಾಗಿಲು ತೆರೆಯಿತು.

ಲೈಬ್ರರಿ ಮುಚ್ಚುವ ಹೊತ್ತಾಗಿತ್ತೋ ಏನೋ, ಮಕ್ಕಳೆಲ್ಲ ಕೈಯಲ್ಲಿ ಬಣ್ಣದ ಹಾಳೆ ಹಿಡಿದುಕೊಂಡು ಒಳಗೆ ಬಂದರು. ಕೆಲವರು ತಂದೆತಾಯಿಯರನ್ನು ಹುಡುಕಿಕೊಂಡು ಹೋದರು. ದೀಪ್ತಿ, ರಾಧಿಕಾ ಇಬ್ಬರೂ ಅಸೆಂಬ್ಲಿಯಲ್ಲಿ ಕೂರುವ ಹಾಗೆ ನೇರ ಮುಂದೆ ಬಂದು, ನನ್ನ ಕಾಲ ಬುಡದಲ್ಲೆಂಬಂತೆ, ನೆಲದ ಮೇಲೆ ಕಾಲು ಮಡಚಿ ಕೂತರು. ದೀಪ್ತಿ ತಲೆಯೆತ್ತಿ ನನ್ನನ್ನು ನೋಡಿದಳು. ಅಮ್ಮ ಮೈಕಿನ ಮುಂದೆ ನಿಂತಿರುವುದು ಅವಳಿಗೆ ಹೆಮ್ಮೆ. ಅದು ಅವಳ ಮುಖದಲ್ಲೇ ಇತ್ತು.

ಇನ್ನು ಹೇಳಿದರೆ ಅವಳು ಕೇಳಿಸಿಕೊಳ್ಳುತ್ತಾಳೆ. ಇಡೀ ಶಾಲೆಯ ಮುಂದೆ, ಅವಳ ಅಮ್ಮನ ಬಾಯಿಂದಲೇ. ಹೇಳದಿದ್ದರೆ ಗೆರೆ ಬೀದಿಯ ನಡುವೆ ಬಿದ್ದೇ ಬೀಳುತ್ತದೆ, ಸೆಪ್ಟೆಂಬರಿನಲ್ಲಿ ಅವಳು ಗುರುತಿಲ್ಲದ ಕ್ಲಾಸಿನಲ್ಲಿ ಒಬ್ಬಳೇ ಕೂತಿರುತ್ತಾಳೆ. ಕನ್ನಡದಲ್ಲಿ ಹೇಳಿಬಿಡಲೇ, ಕೋಕಿಲಾಗಾದರೂ ಮುಟ್ಟಲಿ ಎಂದುಕೊಂಡೆ. ಆದರೆ ಕನ್ನಡ ಆ ಎಳೆ ಕಿವಿಗೂ ಬರುತ್ತಿತ್ತಲ್ಲ, ಹಾಲಿನ ಜೊತೆ ಕುಡಿಸಿದವಳು ನಾನೇ. ಗೋಡೆಯ ಪಕ್ಕದಲ್ಲಿ ಮಿಸೆಸ್ ಹ್ಯಾನ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು. ಬರೆದುಕೊಂಡು ಬಂದಿದ್ದ ಮಾತುಗಳನ್ನಾದರೂ ಆಡೋಣವೆಂದರೆ ಒಂದೂ ನೆನಪಾಗಲಿಲ್ಲ. ಬಾಯಿ ತೆರೆದೆ. ದನಿ ಹೊರಡಲಿಲ್ಲ.

ನಲವತ್ತು ವರ್ಷದ ಬದುಕಿನಲ್ಲಿ ಮಾತಿಗೆ ತಡಕಾಡಿದವಳಲ್ಲ ನಾನು. ಅತ್ತೆಯೊಂದಿಗೆ ಆಡಿದ್ದೇನೆ, ಇಮಿಗ್ರೇಷನ್ನಿನವರೊಂದಿಗೆ ಆಡಿದ್ದೇನೆ, ಬೇಸ್‌ಮೆಂಟಿಗೆ ನೀರು ಬಿಟ್ಟ ಬಿಲ್ಡರನ ಬೆವರು ಇಳಿಸಿದ್ದೇನೆ. ಈಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಗಂಟಲಲ್ಲಿ ಯಾರೋ ಮುಷ್ಟಿ ಇಟ್ಟ ಹಾಗಿತ್ತು. ನೂರಾರು ಕಣ್ಣು ಕಾಯುತ್ತಿದ್ದವು. ಕಾಯ್ದಷ್ಟೂ ಆ ಮುಷ್ಟಿ ಬಿಗಿಯಾಯಿತು. ಬೋರ್ಡಿನ ಅಧ್ಯಕ್ಷೆ ಮುಂದೆ ಬಾಗಿ, ಅವಸರವಿಲ್ಲ, ನಿಧಾನವಾಗಿ ಹೇಳಿ ಎಂದಳು. ಆ ಮಾತು ನನ್ನನ್ನು ಇನ್ನಷ್ಟು ಕೆಡಿಸಿತು. ನನ್ನ ಮಗಳು ದಿನಾ ಬೆಳಿಗ್ಗೆ ಬಸ್ಸಿಳಿದು ಇದರೊಳಗೇ ಹೋಗುತ್ತಾಳೆ ಎಂದು ಆಗ ನನಗೆ ಗೊತ್ತಾಯಿತು. ಟೀಚರು ಹೇಳಿ ಗೊತ್ತಿದ್ದದ್ದು ಬೇರೆ, ಇದು ಬೇರೆ.

ದೀಪ ಹಳದಿಯಾಯಿತು. ದೀಪ್ತಿಯ ಮುಖದ ಹೆಮ್ಮೆ ಮಾಯವಾಗಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು, ಇಡೀ ಜಿಮ್ಮಿನಲ್ಲಿ ನನಗೇನಾಗಿದೆ ಎಂದು ಗೊತ್ತಿದ್ದವಳು ಅವಳೊಬ್ಬಳೇ. ಪಕ್ಕಕ್ಕೆ ಬಾಗಿ, ಕೈಯನ್ನು ಮರೆಮಾಡಿ, ರಾಧಿಕಾಳ ಕಿವಿಯಲ್ಲಿ ಏನೋ ಹೇಳಿದಳು. ರಾಧಿಕಾ ತಲೆ ಆಡಿಸಿದಳು. ಎದ್ದು ನಿಂತು ಬೋರ್ಡಿನವರ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ದಿನವೂ ಮಾಡುವ ಕೆಲಸವೆಂಬಂತೆ ಗಟ್ಟಿಯಾಗಿ ಹೇಳಿದಳು: "ಅವಳ ಅಮ್ಮನಿಗೆ ನೀರು ಬೇಕಂತೆ. ಎಲ್ಲರೂ ಅವರನ್ನೇ ನೋಡೋದು ನಿಲ್ಲಿಸಬೇಕಂತೆ. ಅವಳು ಹೇಳ್ತಿದ್ದಾಳೆ."

ಅಧ್ಯಕ್ಷೆ ಬಗ್ಗಿ ದೀಪ್ತಿಯನ್ನು, ಹೌದೇನಮ್ಮ, ನೀನು ಹಾಗೆ ಹೇಳಿದೆಯಾ ಎಂದು ಕೇಳಿದಳು. ದೀಪ್ತಿ ನೆಲ ನೋಡಿದಳು. ರಾಧಿಕಾ ಅವಳ ಮುಂದೆ ಒಂದು ಹೆಜ್ಜೆ ಸರಿದು ನಿಂತು, ಹೌದು, ಹೇಳಿದಳು ಎಂದಳು. ಕೋಕಿಲಾ ಕುರ್ಚಿಯಿಂದ ಅರ್ಧ ಎದ್ದಿದ್ದಳು. ತನ್ನ ಮಗಳು ಇಷ್ಟು ಪಳಗಿದವಳಂತೆ ಇನ್ನೊಬ್ಬಳ ಬಾಯಿಯಾಗುವುದನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಯಾರೋ ನನಗೆ ನೀರಿನ ಲೋಟ ಕೊಟ್ಟರು. ಕುಡಿಯುವಷ್ಟರಲ್ಲಿ ದೀಪ ಕೆಂಪಾಯಿತು, ಮುಂದಿನ ಬೀದಿಯವರನ್ನು ಕರೆದರು.

ಹೊರಗೆ ಪಾರ್ಕಿಂಗಿನಲ್ಲಿ ಚಂದ್ರಮೋಹನ ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದ. ಹುಡುಗಿಯರು ಕೈ ಕೈ ಹಿಡಿದು ನಿಂತಿದ್ದರು. ಮಿಸೆಸ್ ಹ್ಯಾನ್ಲಿ ತನ್ನ ಕಾರಿನ ಬಾಗಿಲು ತೆಗೆಯುತ್ತಿದ್ದಳು. ಕೋಕಿಲಾ ಕೋಟಿನ ಗುಂಡಿಯನ್ನೂ ಹಾಕದೆ ಓಡಿ ಬಂದು ನನ್ನ ತೋಳು ಹಿಡಿದುಕೊಂಡು ಪಕ್ಕಕ್ಕೆ ಎಳೆದಳು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎಷ್ಟು ದಿನದಿಂದ ಕಣ್ರೀ ಇದು? ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ? ನಾನೇನು ಪರಕೀಯಳಾ ನಿಮಗೆ?"

ನೀವು ಇಲ್ಲ ಅನ್ನುವುದನ್ನು ಇಲ್ಲ ಎಂದೇ ಹೇಳಬಾರದಿತ್ತೇ ಎಂಬ ಮಾತು ಬಾಯಿಗೆ ಬಂತು. ಆಗಲೂ ಆಡಲಿಲ್ಲ. ಅವಳು ಅಳುತ್ತಿದ್ದಳು. ಡೇಕೇರು ಹಾಳಾಗಿ ಹೋಗಲಿ, ಏನಾದರೂ ಮಾಡಿಕೊಳ್ಳುತ್ತೇನೆ ಎಂದಳು. ವಾರದ ಕೊನೆಯ ತನಕ ಬೋರ್ಡಿನವರು ಅಭಿಪ್ರಾಯ ಬದಲಿಸಲು ಬಿಡುತ್ತಾರಂತೆ. ಬೆಳಿಗ್ಗೆ ಫೋನ್ ಮಾಡಿ ನಮ್ಮ ಬದಿಯೂ ಹೊಸ ಶಾಲೆಗೇ ಬರುತ್ತದೆ ಎಂದು ಹೇಳುತ್ತೇನೆ ಎಂದಳು. ಈ ಸಲ ಅದರಲ್ಲಿ ನೋಡೋಣ ಇರಲಿಲ್ಲ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಗೆದ್ದೆ ಎಂದುಕೊಂಡೆ.

ಕೋಕಿಲಾ ಕಣ್ಣೊರೆಸಿಕೊಂಡು ಮಗಳ ಮುಂದೆ ಬಗ್ಗಿದಳು. "ರಾಧೂ, ನೀನೂ ದೀಪ್ತಿ ಜೊತೆ ಹೊಸ ಸ್ಕೂಲಿಗೆ ಹೋಗ್ತೀಯ ಅಲ್ವಾ ಪುಟ್ಟಾ?"

ರಾಧಿಕಾ ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: "ಅಲ್ಲೂ ಅವಳ ಮಾತನ್ನೆಲ್ಲ ನಾನೇ ಆಡಬೇಕಾ?"

ಕೊಂಕಾಗಲಿ ಕೋಪವಾಗಲಿ ಇರಲಿಲ್ಲ ಅದರಲ್ಲಿ. ದಣಿದಿದ್ದಳು, ಅಷ್ಟೇ. ಏಳು ವರ್ಷದ ಮಗು, ಎರಡು ಬಾಯಿಯ ಕೆಲಸ ಮಾಡಿ ದಣಿದಿತ್ತು. ಇಷ್ಟು ದಿನ ನಾನು ಅವಳನ್ನು ಒಂದು ಕಿವಿ ಎಂದು ಲೆಕ್ಕ ಹಾಕಿದ್ದೆ, ಮಗುವೆಂದು ಅಲ್ಲ. ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ.

ದೀಪ್ತಿ ಹಿಡಿದಿದ್ದ ಕೈಯನ್ನು ಬಿಟ್ಟಳು.

"ನೋ," ಎಂದಳು.

ಯಾರ ಕಿವಿಯಲ್ಲೂ ಅಲ್ಲ. ಶಾಲೆಯ ಅಂಗಳದಲ್ಲಿ ನಿಂತು, ಕೆಂಪೇರಿದ ಮುಖದಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಮಿಸೆಸ್ ಹ್ಯಾನ್ಲಿ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತುಬಿಟ್ಟಳು. ದೀಪ್ತಿ ರಾಧಿಕಾಳನ್ನೇ ನೋಡುತ್ತ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ, "ನೋ. ಯು ಡೋಂಟ್ ಹ್ಯಾವ್ ಟು," ಎಂದು ಹೇಳಿ, ಹೋಗಿ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

ಈ ದನಿಯನ್ನು ಇಲ್ಲಿ ಕೇಳಬೇಕೆಂದು ಎರಡು ವರ್ಷ ಹರಕೆ ಹೊತ್ತಿದ್ದೆ. ಕೇಳಿದ ದಿನ ಊರಿಗೆಲ್ಲ ಸಕ್ಕರೆ ಹಂಚುತ್ತೇನೆ ಎಂದುಕೊಂಡಿದ್ದೆ. ಅದು ಬಂತು, ಮತ್ತು ಅದರಿಂದಲೇ ಅವಳು ತನಗಿದ್ದ ಒಬ್ಬಳೇ ಗೆಳತಿಯನ್ನು ಬಿಟ್ಟುಕೊಟ್ಟಳು. ಸಂತೋಷ ಎಷ್ಟಿತ್ತೋ ಸಂಕಟ ಅಷ್ಟೇ ಇತ್ತು, ಎರಡನ್ನೂ ಮಗಳ ಮುಂದೆ ತೋರಿಸುವ ಹಾಗಿರಲಿಲ್ಲ.

"ಫೋನ್ ಮಾಡಬ್ಯಾಡ್ರಿ ಕೋಕಿಲಾ," ಎಂದೆ. "ನಿಮ್ಮ ಹುಡುಗಿಗೆ ಇನ್ನ ಸೂಟಿ ಕೊಡ್ರಿ."

ಕಾರಿನ ಹಿಂದಿನ ಸೀಟಿನಲ್ಲಿ ದೀಪ್ತಿಯ ಪಕ್ಕ ಕೂತೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಜೋರಾಗಿ ಅಳುತ್ತಿದ್ದಳು. ಚಂದ್ರಮೋಹನ ಏನೋ ಸಮಾಧಾನ ಹೇಳಲು ಹಿಂದೆ ತಿರುಗಿದ. ಸುಮ್ಮನಿರು ಎಂದು ಅವನಿಗೆ ಕಣ್ಣಿನಲ್ಲೇ ಹೇಳಿದೆ. ಶಾಲೆಯ ಗೇಟು ದಾಟುವವರೆಗೂ ಅವಳು ದನಿ ತಗ್ಗಿಸಲಿಲ್ಲ.